ಮಕ್ಕಳ ಎಲುಬಿನ ಡಾಕ್ಟರರ ಹತ್ತಿರ ಹೋಗುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗ ಹುಟ್ಟುವಾಗ ಎರಡೂ ಪಾದ ಒಳಗೆ ತಿರುಗಿದ್ದವು. ಈಗ ಅವನು ನಾಲ್ಕನೇ ಕ್ಲಾಸು. ಶಾಲೆಯಿಂದ ಬಂದು ಚೀಲ ಎಸೆದು ಗದ್ದೆ ಕಡೆ ಓಡುವುದನ್ನು ನೋಡಿದರೆ ಯಾರೂ ನಂಬುವುದಿಲ್ಲ. ನಮ್ಮ ಮನೆ ಉಡುಪಿಯಿಂದ ಸ್ವಲ್ಪ ಒಳಗೆ. ಸುಮಾರು ಐದು ವರ್ಷ ಮಗುವನ್ನು ಎತ್ತಿಕೊಂಡು ಮಣಿಪಾಲದ ಬಸ್ಸಿನಲ್ಲಿ ಓಡಾಡಿದ್ದೇವೆ. ಆಮೇಲೆ ಯಾರ ಮನೆಯ ಮಗುವಿಗೆ ಕಾಲು ನೋವಾದರೂ ನನಗೊಂದು ಫೋನ್ ಬರುತ್ತದೆ. ಒಂದೇ ಉತ್ತರವನ್ನು ನೂರು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರರೂ ಫಿಸಿಯೋಥೆರಪಿಯವರೂ ತಾಳ್ಮೆಯಿಂದ ಹೇಳಿಕೊಟ್ಟದ್ದು, ನಾವು ಪಟ್ಟ ಪಾಡು, ಎರಡೂ ಇದರಲ್ಲಿ ಸೇರಿವೆ.

ಮಕ್ಕಳಿಗೆ ಬೇರೆಯೇ ಎಲುಬಿನ ಡಾಕ್ಟರ್ ಯಾಕೆ? ಊರಿನಲ್ಲಿರುವವರು ಸಾಲದಾ?

ಮಾಮೂಲಿ ಮುರಿತಕ್ಕೆ ಸಾಕು. ಮಣಿಕಟ್ಟು ಸ್ವಲ್ಪ ಬಿರುಕು ಬಿಟ್ಟಿದೆ ಎಂದು ಕುಂದಾಪುರದಿಂದಲೋ ಪುತ್ತೂರಿನಿಂದಲೋ ದೊಡ್ಡ ಆಸ್ಪತ್ರೆಗೆ ಓಡಿ ಬರಬೇಕಾಗಿಲ್ಲ.

ಆದರೆ ಮಗುವಿನ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಉದ್ದ ಎಲುಬುಗಳ ತುದಿಯ ಹತ್ತಿರ ಮೆತ್ತಗಿನ ಒಂದು ಪದರ ಇರುತ್ತದೆ. ಡಾಕ್ಟರರು ಗ್ರೋತ್ ಪ್ಲೇಟ್ ಅನ್ನುವುದು ಅದಕ್ಕೇ. ಎಲುಬು ಉದ್ದವಾಗುವುದು ಅಲ್ಲಿಂದ. ಅಲ್ಲಿಗೆ ಪೆಟ್ಟು ಬಿದ್ದರೆ ಇವತ್ತು ಎಲ್ಲ ಸರಿ ಕಂಡರೂ ಎರಡು ವರ್ಷದ ಮೇಲೆ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. ಹಾಗಾಗಿಯೇ ಕೆಲವು ಮಕ್ಕಳನ್ನು ವಾಸಿಯಾದ ಮೇಲೂ ಆರು ತಿಂಗಳಿಗೊಮ್ಮೆ ಕರೆಯುತ್ತಾರೆ. ಸುಮ್ನೆ ಫೀಸಿಗೆ ಕರೆಯುತ್ತಾರೆ ಅಂದುಕೊಳ್ಳಬೇಡಿ.

ಬೆಳವಣಿಗೆಯಿಂದ ಲಾಭವೂ ಇದೆ. ಚಿಕ್ಕ ಮಕ್ಕಳ ಎಲುಬು ಹಸಿ ಕೋಲಿನ ಹಾಗೆ. ಪೂರ್ತಿ ತುಂಡಾಗದೆ ಒಂದು ಬದಿ ಮಾತ್ರ ಸೀಳಿ ಬಾಗುತ್ತದೆ. ಸ್ವಲ್ಪ ಓರೆಯಾಗಿ ಕೂಡಿದರೂ ಬೆಳೆಯುತ್ತಾ ತಾನೇ ನೇರವಾಗುತ್ತದೆ. ಎಷ್ಟು ಓರೆಯನ್ನು ಹಾಗೇ ಬಿಡಬಹುದು, ಎಷ್ಟಾದರೆ ಕೈ ಹಾಕಬೇಕು ಎಂದು ಗೊತ್ತಿರುವವರೇ ಈ ಮಕ್ಕಳ ಡಾಕ್ಟರರು.

ನಮ್ಮ ಮಗುವಿನ ಕಾಲು ಬಿಲ್ಲಿನ ಹಾಗಿದೆ. ತೋರಿಸಬೇಕಾ, ಕಾಯಬೇಕಾ?

ಎರಡು ವರ್ಷದವರೆಗೆ ಹೆಚ್ಚಿನ ಮಕ್ಕಳ ಕಾಲು ಹೊರಗೆ ಬಾಗಿರುತ್ತದೆ. ಮೂರು ನಾಲ್ಕಕ್ಕೆ ಬಂದಾಗ ಉಲ್ಟಾ, ಮೊಣಕಾಲು ಒಂದಕ್ಕೊಂದು ತಾಗುತ್ತದೆ. ಏಳೆಂಟು ವರ್ಷಕ್ಕೆ ನೇರ. ಹೆಚ್ಚಿನ ಮಕ್ಕಳಿಗೆ ಇದಕ್ಕೆ ವಿಶೇಷ ಬೂಟೂ ಬೇಡ, ಎಣ್ಣೆಯೂ ಬೇಡ.

ಚಪ್ಪಟೆ ಪಾದಕ್ಕೂ ಇದೇ ಮಾತು. ಮಗುವನ್ನು ತುದಿಗಾಲಿನಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಆಗ ಪಾದದ ಕಮಾನು ಕಾಣಿಸಿದರೆ, ನೋವೂ ಇಲ್ಲದಿದ್ದರೆ, ಚಿಂತೆ ಬಿಡಿ. ಅದಕ್ಕೆಂದು ದುಬಾರಿ ಬೂಟು ತೆಗೆದುಕೊಂಡವರು ನಮ್ಮ ಕೇರಿಯಲ್ಲೇ ಇಬ್ಬರಿದ್ದಾರೆ.

ತೋರಿಸಲೇಬೇಕಾದ್ದು ಯಾವಾಗ? ಒಂದೇ ಕಾಲು ಬಾಗಿದ್ದರೆ. ಬಾಗುವುದು ದಿನದಿನಕ್ಕೆ ಜಾಸ್ತಿಯಾಗುತ್ತಿದ್ದರೆ. ಮಗು ವಯಸ್ಸಿಗಿಂತ ತುಂಬಾ ಗಿಡ್ಡ ಇದ್ದು ಮಣಿಕಟ್ಟು ಊದಿಕೊಂಡಿದ್ದರೆ, ವಿಟಮಿನ್ ಡಿ ಕೊರತೆಯಿಂದ ಬರುವ ರಿಕೆಟ್ಸ್ ಇರಬಹುದು. ಕರಾವಳಿಯಲ್ಲಿ ಬಿಸಿಲಿಗೇನು ಬರ ಎಂದು ನಾನೂ ಕೇಳಿದ್ದೆ. ಮಗು ದಿನವಿಡೀ ಒಳಗಿದ್ದರೆ ಹೊರಗಿನ ಬಿಸಿಲು ಯಾರಿಗೆ ಬಂತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬೇರೆ, ಎಂದರು ಡಾಕ್ಟರ್. ಎದೆಹಾಲು ಕುಡಿಯುವ ಕೂಸುಗಳಿಗೆ ದಿನಕ್ಕೆ 400 ಐಯು ವಿಟಮಿನ್ ಡಿ ಹನಿ ಬರೆದುಕೊಡುವುದು ಇದಕ್ಕೇ.

ಹುಟ್ಟುವಾಗಲೇ ಪಾದ ತಿರುಗಿದೆ. ಆಪರೇಷನ್ ಆಗಲೇಬೇಕಾ?

ಇದು ನನ್ನ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಕ್ಲಬ್ ಫೂಟ್ ಎನ್ನುತ್ತಾರೆ, ನಮ್ಮಲ್ಲಿ ಸೊಟ್ಟ ಪಾದ. ಸುಮಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಗ್ರಹಣ ನೋಡಿದ್ದಕ್ಕೆ ಬಂತು, ಬಸುರಿಯಲ್ಲಿ ಕಾಲು ಮಡಚಿ ಕೂತದ್ದಕ್ಕೆ ಬಂತು ಎಂದೆಲ್ಲ ನನಗೂ ಹೇಳಿದರು. ಅದ್ಯಾವುದೂ ನಿಜವಲ್ಲ. ತಾಯಿ ಮಾಡಿದ ತಪ್ಪಿನಿಂದ ಇದು ಬರುವುದಿಲ್ಲ.

ನಾವು ಮೊದಲು ತೋರಿಸಿದ ಕಡೆ ಒಬ್ಬರು, 'ಎಣ್ಣೆ ತಿಕ್ಕಿ, ಒಂದು ವರ್ಷ ಆದ ಮೇಲೆ ನೋಡುವ' ಎಂದು ಕಳಿಸಿದರು. ಎರಡು ತಿಂಗಳು ತಿಕ್ಕಿದೆವು. ಪಾದ ಹಾಗೇ ಇತ್ತು. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹುಟ್ಟಿದ ಒಂದೆರಡು ವಾರದಲ್ಲೇ ಚಿಕಿತ್ಸೆ ಶುರು ಮಾಡುವುದು ಒಳ್ಳೆಯದು. ಆದರೆ ತಡವಾಯಿತೆಂದು ಕೈ ಬಿಡುವವರೂ ಇಲ್ಲ. ನಡೆಯುವ ಮಕ್ಕಳಿಗೂ ಮಾಡುತ್ತಾರೆ.

ಈಗಿನ ಪದ್ಧತಿಗೆ ಪೊನ್ಸೆಟಿ ವಿಧಾನ ಎಂದು ಹೆಸರು. ಅಮೆರಿಕದ ಅಯೋವಾದಲ್ಲಿದ್ದ ಇಗ್ನಾಸಿಯೋ ಪೊನ್ಸೆಟಿ ಎಂಬ ಡಾಕ್ಟರ್ ಇದನ್ನು ರೂಪಿಸಿದ್ದು. ಅವರ ಹುಟ್ಟುಹಬ್ಬ ಜೂನ್ 3ನ್ನೇ ವಿಶ್ವ ಕ್ಲಬ್ ಫೂಟ್ ದಿನ ಎಂದು ಆಚರಿಸುತ್ತಾರೆ. ವಾರಕ್ಕೊಮ್ಮೆ ಪಾದವನ್ನು ಕೈಯಿಂದ ಸ್ವಲ್ಪ ತಿರುಗಿಸಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಮುಂದಿನ ವಾರ ಅದನ್ನು ಬಿಚ್ಚಿ, ಇನ್ನಷ್ಟು ತಿರುಗಿಸಿ ಮತ್ತೆ. ಹೀಗೆ ಐದರಿಂದ ಎಂಟು ಪ್ಲಾಸ್ಟರ್. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿ ನರವನ್ನು ಸಣ್ಣದಾಗಿ ಕತ್ತರಿಸುತ್ತಾರೆ. ನಾವು ನರ ಅನ್ನುತ್ತೇವೆ, ಅದು ನಿಜವಾಗಿ ಸ್ನಾಯುವಿನ ಹುರಿ. ಮೂರು ವಾರದ ಕೊನೆಯ ಪ್ಲಾಸ್ಟರಿನೊಳಗೆ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ.

ಪ್ಲಾಸ್ಟರ್ ಮುಗಿದ ದಿನ ನಾವು ಪಾಯಸ ಮಾಡಿದೆವು. ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಎರಡು ಬೂಟು, ನಡುವೆ ಒಂದು ಸರಳು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕಬೇಕು. ಮತ್ತೆ ನಿದ್ದೆಯ ಹೊತ್ತಿಗೆ ಮಾತ್ರ, ನಾಲ್ಕೈದು ವರ್ಷ ತುಂಬುವವರೆಗೆ. ಮೊದಲ ನಾಲ್ಕು ರಾತ್ರಿ ಮಗು ಅತ್ತಿತು, ಅಜ್ಜಿ ಅತ್ತರು, ನಾನೂ ಅತ್ತೆ. ಐದನೇ ರಾತ್ರಿ ಮಗು ಎರಡೂ ಕಾಲು ಒಟ್ಟಿಗೆ ಒದೆಯಲು ಕಲಿಯಿತು, ಅಳು ನಿಂತಿತು.

ತಪ್ಪು ನಾವೂ ಮಾಡಿದ್ದೇವೆ. ಅವನಿಗೆ ಎರಡು ವರ್ಷ ಆದಾಗ ನಾದಿನಿಯ ಮದುವೆ. ಮನೆ ತುಂಬ ನೆಂಟರು. 'ಇಷ್ಟು ಚಂದ ನಡೀತಾನೆ, ಇನ್ನು ಯಾಕೆ ಅದು' ಎಂದರು ಎಲ್ಲರೂ. ಒಂದೂವರೆ ತಿಂಗಳು ಬೂಟು ಅಟ್ಟದಲ್ಲಿ ಉಳಿಯಿತು. ಹಿಮ್ಮಡಿ ಮತ್ತೆ ಮೇಲೇರಿತು, ಮತ್ತೆ ಮೂರು ಪ್ಲಾಸ್ಟರ್ ಆಯಿತು. ಪಾದ ತಿರುಗಿ ಹಳೆಯ ಹಾಗಾಗಲು ಮುಖ್ಯ ಕಾರಣವೇ ಬೂಟು ಬಿಡುವುದು. ಯಾರು ಏನೇ ಹೇಳಲಿ, ಡಾಕ್ಟರ್ ಸಾಕು ಅನ್ನುವ ತನಕ ಬಿಡಬೇಡಿ.

ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬಾರದು ಅನ್ನುತ್ತಾರಲ್ಲಾ?

ಸುತ್ತಿ, ಆದರೆ ಕಾಲಿಗೆ ಜಾಗ ಬಿಡಿ. ಬಾಣಂತಿ ಕೋಣೆಯಲ್ಲಿ ಎಣ್ಣೆ ಸ್ನಾನ ಆದ ಮೇಲೆ ಎರಡೂ ಕಾಲನ್ನು ನೇರ ಎಳೆದು ಜೋಡಿಸಿ ಬಿಗಿಯುವ ಪದ್ಧತಿ ನಮ್ಮಲ್ಲಿದೆ. ಸೊಂಟದ ಕೀಲಿಗೆ ಅದು ಒಳ್ಳೆಯದಲ್ಲ. ಆ ಕೀಲು ಒಂದು ಬಟ್ಟಲು, ಒಂದು ಗುಂಡು. ಹುಟ್ಟುವಾಗ ಬಟ್ಟಲು ಆಳ ಇರುವುದಿಲ್ಲ. ಕಾಲು ಕಪ್ಪೆಯ ಹಾಗೆ ಅಗಲವಾಗಿದ್ದರೆ ಗುಂಡು ಬಟ್ಟಲಿನೊಳಗೆ ಕೂತು ಅದನ್ನು ಆಳ ಮಾಡುತ್ತದೆ. ನೇರ ಎಳೆದರೆ ಜಾರಬಹುದು.

ನಮ್ಮ ಅಜ್ಜಿಯಂದಿರ ಇನ್ನೊಂದು ರೂಢಿ ಮಾತ್ರ ಚಿನ್ನ. ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವುದು. ಕೀಲಿಗೆ ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ ಎಂದು ಡಾಕ್ಟರರೇ ಹೇಳುತ್ತಾರೆ.

ಹೆಣ್ಣು ಮಗು, ಮೊದಲ ಹೆರಿಗೆ, ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿ ಇದ್ದ ಮಗು, ಮನೆಯಲ್ಲಿ ಮೊದಲೇ ಯಾರಿಗಾದರೂ ಇದ್ದದ್ದು, ಇವುಗಳಲ್ಲಿ ಕೀಲು ಜಾರುವ ಸಂಭವ ಜಾಸ್ತಿ. ಅಂಥ ಕೂಸಿಗೆ ಸುಮಾರು ಆರು ವಾರಕ್ಕೆ ಸೊಂಟದ ಸ್ಕ್ಯಾನ್ ಮಾಡಿಸಿ. ಮನೆಯಲ್ಲಿ ನೀವೇ ಗಮನಿಸಬಹುದಾದ್ದು: ಬಟ್ಟೆ ಬದಲಿಸುವಾಗ ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿರುವುದು, ಒಂದು ಕಾಲು ಗಿಡ್ಡ ಕಾಣುವುದು, ನಡೆಯಲು ಕಲಿತ ಮೇಲೆ ಒಂದು ಬದಿಗೆ ವಾಲುವುದು.

ಆರು ತಿಂಗಳೊಳಗೆ ಸಿಕ್ಕಿದರೆ ಹೆಚ್ಚಾಗಿ ಪಟ್ಟಿಯ ಉಡುಗೆಯೊಂದರಲ್ಲೇ ಮುಗಿಯುತ್ತದೆ. ಪಾವ್ಲಿಕ್ ಹಾರ್ನೆಸ್ ಎನ್ನುತ್ತಾರೆ. ಆಮೇಲಾದರೆ ಅರಿವಳಿಕೆ ಕೊಟ್ಟು ಗುಂಡನ್ನು ಬಟ್ಟಲಿನೊಳಗೆ ಕೂರಿಸಿ ಎದೆಯಿಂದ ಕಾಲಿನವರೆಗೆ ಪ್ಲಾಸ್ಟರ್. ನಡೆಯಲು ಶುರು ಮಾಡಿದ ಮೇಲೆ ಗೊತ್ತಾದರೆ ಬಹಳ ಸಲ ದೊಡ್ಡ ಆಪರೇಷನ್ನೇ ಬೇಕಾಗುತ್ತದೆ.

ಪೇರಳೆ ಮರದಿಂದ ಬಿದ್ದು ಕೈ ಮುರಿದಿದೆ. ಎಲುಬು ಕಟ್ಟುವ ಪಂಡಿತರ ಹತ್ತಿರ ಹೋಗಬಹುದಾ?

ಮೊದಲು ಎಕ್ಸ್‌ರೇ. ನಮ್ಮ ತಂದೆಯವರ ಕಾಲಿಗೂ ಪಂಡಿತರೇ ಕಟ್ಟಿದ್ದು, ಅವರನ್ನು ಹಗುರ ಮಾಡಿ ಮಾತಾಡುವ ಮನಸ್ಸು ನನಗಿಲ್ಲ. ಆದರೆ ಮಕ್ಕಳು ಕೈ ಊರಿ ಬಿದ್ದಾಗ ಮೊಣಕೈಯ ಸ್ವಲ್ಪ ಮೇಲೆ ಮುರಿಯುವುದು ಬಹಳ. ರಕ್ತನಾಳವೂ ನರಗಳೂ ಅಲ್ಲೇ ಹಾದು ಹೋಗುತ್ತವೆ. ಊತ ಏರುತ್ತಿರುವಾಗ ಬಿದಿರಿನ ಪಟ್ಟಿ ಇಟ್ಟು ಬಿಗಿದು ಕಟ್ಟಿದರೆ ಒಳಗೆ ರಕ್ತ ಓಡುವುದು ನಿಲ್ಲಬಹುದು. ಕೆಲವೇ ಗಂಟೆಗಳಲ್ಲಿ ಮಾಂಸ ಸತ್ತು, ಬೆರಳುಗಳು ಜನ್ಮವಿಡೀ ಮಡಚಿಕೊಂಡೇ ಉಳಿಯುತ್ತವೆ. ಎಕ್ಸ್‌ರೇ ತೆಗೆಯದೆ ಮುರಿತ ಎಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಬಿದ್ದ ಕೂಡಲೇ ಕೈ ಹೇಗಿದೆಯೋ ಹಾಗೇ ರಟ್ಟು ಇಟ್ಟು ಸಡಿಲ ಕಟ್ಟಿ. ತಿಕ್ಕಬೇಡಿ, ಎಳೆಯಬೇಡಿ. ದಾರಿಯಲ್ಲಿ ಜ್ಯೂಸು ಬಿಸ್ಕತ್ತು ಕೊಡಬೇಡಿ, ಅರಿವಳಿಕೆ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಎಲುಬು ತುಂಬ ಜರುಗಿದ್ದರೆ ಅದನ್ನು ಜಾಗಕ್ಕೆ ಕೂರಿಸಿ ತೆಳ್ಳಗಿನ ತಂತಿ ಚುಚ್ಚಿ ಹಿಡಿಸುತ್ತಾರೆ. ಮೂರು ನಾಲ್ಕು ವಾರದಲ್ಲಿ ಆ ತಂತಿ ಹೊರಗೆ.

ಇನ್ನೊಂದು ಸಣ್ಣ ವಿಷಯ. ಒಂದರಿಂದ ನಾಲ್ಕು ವರ್ಷದ ಮಗುವಿನ ಕೈ ಹಿಡಿದು ಬಸ್ಸಿಗೆ ಎಳೆದಿರಿ, ಆಮೇಲೆ ಮಗು ಆ ಕೈ ಎತ್ತುವುದೇ ಇಲ್ಲ ಅಂದರೆ, ಮೊಣಕೈಯ ಎಲುಬು ಸ್ವಲ್ಪ ಜಾರಿರಬಹುದು. ಗೊತ್ತಿರುವ ಡಾಕ್ಟರ್ ಒಂದು ನಿಮಿಷದಲ್ಲಿ ಸರಿ ಮಾಡುತ್ತಾರೆ.

ಮಗು ಕುಂಟುತ್ತಿದೆ, ಬಿದ್ದ ನೆನಪಿಲ್ಲ.

ಜ್ವರ ಇದೆಯಾ? ಕಾಲು ನೆಲಕ್ಕೆ ಇಡುವುದೇ ಇಲ್ಲವಾ? ಹಾಗಾದರೆ ಇದನ್ನು ಓದುತ್ತಾ ಕೂರಬೇಡಿ, ಹೊರಡಿ. ಕೀಲಿನಲ್ಲಿ ಕೀವು ಆಗಿದ್ದರೆ ಅದೇ ದಿನ ತೊಳೆದು ತೆಗೆಯಬೇಕಾಗುತ್ತದೆ. ಕೆಲವೇ ದಿನ ತಡವಾದರೂ ಕೀಲು ಸವೆದು ಹೋಗುತ್ತದೆ. ರಾತ್ರಿಯಾದರೂ, ಭಾನುವಾರವಾದರೂ ಕಾಯಬಾರದು.

ಜ್ವರ ಇಲ್ಲ, ಹೋದ ವಾರ ಶೀತ ಆಗಿತ್ತು ಅಂದರೆ ಕೀಲಿನಲ್ಲಿ ಸುಮ್ನೆ ನೀರು ತುಂಬಿರಬಹುದು. ವಿಶ್ರಾಂತಿಯಲ್ಲೇ ಇಳಿಯುತ್ತದೆ. ಆದರೂ ಒಮ್ಮೆ ತೋರಿಸಿ.

ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕುಂಟುವ ನಾಲ್ಕರಿಂದ ಹತ್ತು ವರ್ಷದ ಮಕ್ಕಳಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ, ಪರ್ಥಿಸ್ ಎಂಬ ಕಾಯಿಲೆ ಇದೆಯಾ ಎಂದು ನೋಡುತ್ತಾರೆ. ತೊಡೆ ಎಲುಬಿನ ಗುಂಡಿಗೆ ರಕ್ತ ಹರಿಯುವುದು ಕಡಿಮೆಯಾಗಿ ಅದು ಮೆತ್ತಗಾಗುತ್ತದೆ, ಮತ್ತೆ ಎರಡರಿಂದ ನಾಲ್ಕು ವರ್ಷದಲ್ಲಿ ತಾನೇ ಕಟ್ಟಿಕೊಳ್ಳುತ್ತದೆ. ಆ ಹೊತ್ತಿಗೆ ಅದು ದುಂಡಗೇ ಉಳಿಯುವ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆ. 1910ರಲ್ಲಿ ಮೂರು ದೇಶದ ಮೂರು ಡಾಕ್ಟರರು ಇದನ್ನು ಬೇರೆ ಬೇರೆಯಾಗಿ ಗುರುತಿಸಿದರು, ಅವರಲ್ಲೊಬ್ಬರ ಹೆಸರು ಪರ್ಥಿಸ್. ನಮ್ಮ ಕರಾವಳಿ ಪಟ್ಟಿಯಲ್ಲಿ ಇದು ದಕ್ಷಿಣ ಭಾರತದ ಬೇರೆ ಕಡೆಗಿಂತ ಹೆಚ್ಚು ಎಂದು ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಜೊತೆಯವರು 1980ರ ದಶಕದಲ್ಲೇ ಬರೆದಿದ್ದಾರೆ. ಹಾಗಾಗಿ ಇಲ್ಲಿನ ಡಾಕ್ಟರರಿಗೆ ಇದು ಹೊಸದಲ್ಲ.

ಒಂದು ಎಚ್ಚರ. ಸೊಂಟದ ಕೀಲಿನ ನೋವನ್ನು ಮಕ್ಕಳು ಮೊಣಕಾಲಿನಲ್ಲಿ ತೋರಿಸುತ್ತಾರೆ. ಮೊಣಕಾಲಿನ ಎಕ್ಸ್‌ರೇ ಮಾತ್ರ ತೆಗೆದು ಏನೂ ಇಲ್ಲ ಎಂದರೆ, 'ಸೊಂಟ ನೋಡುವುದಿಲ್ವಾ ಡಾಕ್ಟ್ರೇ' ಎಂದು ಕೇಳಿ. ಹತ್ತರಿಂದ ಹದಿನೈದರ ದಪ್ಪ ಮಕ್ಕಳಲ್ಲಂತೂ ಗುಂಡು ಜಾರುವ ಇನ್ನೊಂದು ತೊಂದರೆ ಉಂಟು. ಅದೂ ತುರ್ತು.

ರಾತ್ರಿ ಕಾಲು ನೋವೆಂದು ಅಳುತ್ತದೆ, ಬೆಳಿಗ್ಗೆ ಕುಣಿಯುತ್ತದೆ. ಇದು ನಾಟಕವಾ?

ನಾಟಕ ಅಲ್ಲ. ಬೆಳೆಯುವ ಮಕ್ಕಳ ನೋವು. ಎರಡೂ ಕಾಲಿನಲ್ಲಿ, ಸಂಜೆಯೋ ರಾತ್ರಿಯೋ ಬರುತ್ತದೆ, ಒತ್ತಿದರೆ ಹಿತ ಅನಿಸುತ್ತದೆ. ಒಂದೇ ಕಡೆ ದಿನಾ ನೋವು, ಊತ, ಜ್ವರ, ತೂಕ ಇಳಿಯುವುದು ಇದ್ದರೆ ಮಾತ್ರ ಅದು ಬೇರೆ ಲೆಕ್ಕ, ತೋರಿಸಿ.

ಮೊದಲ ಸಲ ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಹೆರಿಗೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡು, ಹಳೆಯ ಎಕ್ಸ್‌ರೇಗಳು. ರಿಪೋರ್ಟ್ ಮಾತ್ರ ಸಾಲದು, ಫಿಲ್ಮೇ ಬೇಕು. ಮಗುವಿಗೆ ಸಡಿಲ ಚಡ್ಡಿ ಹಾಕಿ. ಮನೆಯಲ್ಲಿ ಹೇಗೆ ನಡೆಯುತ್ತದೆ ಎಂದು ಹಿಂದಿನಿಂದ, ಮುಂದಿನಿಂದ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಡಾಕ್ಟರರ ಎದುರು ಎಷ್ಟೋ ಮಕ್ಕಳು ಒಂದು ಹೆಜ್ಜೆ ಇಡುವುದಿಲ್ಲ.

ತುಂಬ ಹೊತ್ತು ಕಾಯಬೇಕಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಟೋಕನ್ ತೆಗೆದುಕೊಳ್ಳಿ, ತಿಂಡಿ ಕಟ್ಟಿಕೊಂಡು ಹೋಗಿ. ಒಳಗೆ ಹೋದ ಮೇಲೆ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮಾತಾಡಲು ಹಿಂಜರಿಯಬೇಡಿ. ಡಾಕ್ಟರರಿಗೆ ಬಾರದಿದ್ದರೂ ಪಕ್ಕದಲ್ಲಿರುವ ಸಿಸ್ಟರಿಗೆ ಬರುತ್ತದೆ.

ಮಳೆಗಾಲದಲ್ಲಿ ಪ್ಲಾಸ್ಟರ್ ನೋಡಿಕೊಳ್ಳುವುದು ಹೇಗೆ?

ಬಿಳಿ ಪ್ಲಾಸ್ಟರಿಗೆ ನೀರು ತಾಗಿದರೆ ಹಿಟ್ಟಿನ ಹಾಗಾಗುತ್ತದೆ. ಫೈಬರ್ ಪ್ಲಾಸ್ಟರ್ ಗಟ್ಟಿ, ಆದರೆ ಅದರ ಒಳಗಿನ ಹತ್ತಿ ಒದ್ದೆಯಾದರೆ ಚರ್ಮ ಕೊಳೆಯುತ್ತದೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಟವೆಲೇ ಒಣಗುವುದಿಲ್ಲ, ಹತ್ತಿ ಎಲ್ಲಿ ಒಣಗಬೇಕು. ಹೊರಗೆ ಹೋಗುವಾಗ ದಪ್ಪ ಪ್ಲಾಸ್ಟಿಕ್ ಕಟ್ಟಿ, ಮನೆಗೆ ಬಂದ ಕೂಡಲೇ ಬಿಚ್ಚಿ. ಇಲ್ಲದಿದ್ದರೆ ಒಳಗೆ ಬೆವರು ತುಂಬುತ್ತದೆ. ಪಾಚಿ ಕಟ್ಟಿದ ಅಂಗಳಕ್ಕೆ ಮಗುವನ್ನು ಬಿಡಲೇಬೇಡಿ.

ತುರಿಕೆ ಎಂದು ಹಿಡಿಸೂಡಿ ಕಡ್ಡಿ ತೂರಿಸುವುದು ನಮ್ಮ ಕಡೆಯ ದೊಡ್ಡ ಚಟ. ಕಡ್ಡಿ ಮುರಿದು ಒಳಗೇ ಉಳಿದರೆ ಗಾಯವಾಗಿ ಕೀವಾಗುತ್ತದೆ. ಪೌಡರೂ ಬೇಡ. ತಂಪು ಗಾಳಿ ಬೀಸುವುದು, ಮೇಲಿನಿಂದ ಮೆಲ್ಲಗೆ ತಟ್ಟುವುದು ಸಾಕು.

ಮೊದಲ ಎರಡು ದಿನ ಕೈಯಾಗಲಿ ಕಾಲಾಗಲಿ ದಿಂಬಿನ ಮೇಲೆ ಎತ್ತರದಲ್ಲಿರಲಿ. ಬೆರಳು ನೀಲಿ ಅಥವಾ ಬಿಳಚಿಕೊಂಡರೆ, ತಣ್ಣಗಾದರೆ, ಜುಮುಜುಮು ಅಂದರೆ, ಮಾತ್ರೆ ಕೊಟ್ಟರೂ ನೋವು ಏರುತ್ತಲೇ ಇದ್ದರೆ, ಬೆರಳನ್ನು ಮೆಲ್ಲಗೆ ಬಿಡಿಸಿದರೂ ಮಗು ಕಿರುಚಿದರೆ, ತಕ್ಷಣ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ನೋಡುವ ಎನ್ನಬೇಡಿ.

ಆಪರೇಷನ್ ದಿನ ಖಾಲಿ ಹೊಟ್ಟೆ ಅಂದರೆ ಎಷ್ಟು ಹೊತ್ತು?

ಸಾಮಾನ್ಯವಾಗಿ ಊಟ, ದನದ ಹಾಲು, ಡಬ್ಬಿ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು. ಎದೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ. ನಿಮ್ಮ ಆಸ್ಪತ್ರೆ ಹೇಳಿದ ಸಮಯವೇ ಕೊನೆಯದು. ಗಂಜಿ ತಿಳಿ ನೀರಲ್ಲ, ಊಟದ ಲೆಕ್ಕ. ಪಾಪ ಹಸಿವು ಎಂದು ಯಾರೋ ಅಜ್ಜಿ ಎರಡು ಚಮಚ ಗಂಜಿ ಕುಡಿಸಿ ಆಪರೇಷನ್ ಮುಂದೆ ಹೋದದ್ದನ್ನು ನಾನೇ ನೋಡಿದ್ದೇನೆ. ಹಿಂದಿನ ದಿನ ಶೀತ ಕೆಮ್ಮು ಜ್ವರ ಇದ್ದರೆ ಮುಚ್ಚಿಡಬೇಡಿ.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಎಲುಬಿನ ಡಾಕ್ಟರ್ ಏನು ಮಾಡುತ್ತಾರೆ?

ಮೂಲ ತೊಂದರೆ ಮೆದುಳಿನಲ್ಲಿ, ಅದನ್ನು ಅವರು ತೆಗೆಯಲಾರರು. ಆದರೆ ಬಿಗಿ ಸ್ನಾಯು ಎಳೆದೂ ಎಳೆದೂ ಕಾಲು ಮಡಚಿಕೊಳ್ಳುತ್ತದೆ, ಸೊಂಟದ ಕೀಲು ನೋವಿಲ್ಲದೆ ನಿಧಾನವಾಗಿ ಜಾರುತ್ತದೆ. ಅದಕ್ಕೆ ಆಗಾಗ ಸೊಂಟದ ಎಕ್ಸ್‌ರೇ ಬೇಕು. ವ್ಯಾಯಾಮ, ಕಾಲಿನ ಪಟ್ಟಿ, ಸ್ನಾಯು ಸಡಿಲಿಸುವ ಇಂಜೆಕ್ಷನ್, ಕೊನೆಗೆ ಆಪರೇಷನ್. ದಿನಾ ಮನೆಯಲ್ಲಿ ಮಾಡಿಸುವ ವ್ಯಾಯಾಮ ನಿಂತರೆ ಉಳಿದದ್ದೆಲ್ಲ ನೀರಲ್ಲಿ ಹೋಮ. ಅಂಗವಿಕಲರಿಗೆ ಸರಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು ಮಾಡಿಸಲು ಮರೆಯಬೇಡಿ.

ಶಾಲೆಯ ಚೀಲದಿಂದ ಬೆನ್ನು ಸೊಟ್ಟಗಾಗುತ್ತಾ?

ಬೆನ್ನು ನೋಯಬಹುದು, ಸೊಟ್ಟಗಾಗುವುದಿಲ್ಲ. ಚೀಲದ ತೂಕ ಮಗುವಿನ ತೂಕದ ಶೇ 10ನ್ನು ಮೀರಬಾರದು ಎಂದು 2020ರ ಕೇಂದ್ರದ ನೀತಿ ಹೇಳುತ್ತದೆ. ಪಾಲಿಸುವವರು ಎಷ್ಟು ಮಂದಿ, ಬಿಡಿ. ಬೆನ್ನೆಲುಬು ಪಕ್ಕಕ್ಕೆ ಬಾಗುವುದು ಬೇರೆಯೇ ತೊಂದರೆ, ಹತ್ತು ದಾಟಿದ ಹೆಣ್ಣು ಮಕ್ಕಳಲ್ಲಿ ಜಾಸ್ತಿ. ಮಗು ಮುಂದಕ್ಕೆ ಬಗ್ಗಿದಾಗ ಒಂದು ಬದಿ ಉಬ್ಬಿ ಕಂಡರೆ ತೋರಿಸಿ.

ಖರ್ಚಿಗೆ ಏನು ದಾರಿ?

ಮಂಗಳೂರಿನವರಿಗೆ ಹಂಪನಕಟ್ಟೆಯ ವೆನ್ಲಾಕ್ ಇದೆ, 1848ರಿಂದ ಇರುವ ಸರಕಾರಿ ಆಸ್ಪತ್ರೆ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಅಲ್ಲಿಂದ ಶುರು ಮಾಡುವುದರಲ್ಲಿ ಒಂದು ಅನುಕೂಲ ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹೋಗಲು, ತುರ್ತು ಇಲ್ಲದಿದ್ದರೆ, ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಗರಿಷ್ಠ 1.5 ಲಕ್ಷ. ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಹುಡುಕಿ ಮಾತಾಡಿ. ಬಿಲ್ ಆದ ಮೇಲೆ ಹೋದರೆ ಕಷ್ಟ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ. ಅಂಗನವಾಡಿಗೆ ಬರುವ ಆ ತಂಡದವರು ಸೊಟ್ಟ ಪಾದ, ಸೊಂಟದ ತೊಂದರೆಗಳನ್ನು ಗುರುತಿಸಿ ಮುಂದೆ ಕಳಿಸುತ್ತಾರೆ. ಆಶಾ ಅಕ್ಕನಿಗೆ ಹೇಳಿದರೂ ಸಾಕು.

ಪ್ಲಾಸ್ಟರ್ ಬಿಚ್ಚುವಾಗ ಮಗು ತುಂಬ ಹೆದರುತ್ತದೆ. ಏನು ಹೇಳಬೇಕು?

ಗರಗಸ ಅಂತ ಹೇಳಬೇಡಿ, ನಮ್ಮ ಮರದ ಮಿಲ್ಲು ನೋಡಿದ ಮಕ್ಕಳು ಕೇಳುತ್ತಾವಾ? ಆ ಯಂತ್ರದ ಚಕ್ರ ತಿರುಗುವುದಿಲ್ಲ, ಅಲ್ಲಲ್ಲೇ ನಡುಗುತ್ತದೆ. ಗಟ್ಟಿ ಪ್ಲಾಸ್ಟರನ್ನು ಕತ್ತರಿಸುತ್ತದೆ, ಮೆತ್ತಗಿನ ಚರ್ಮವನ್ನು ಹಾಗೆ ಕೊಯ್ಯುವುದಿಲ್ಲ. ಸದ್ದು ಮಾತ್ರ ಜೋರು. ನಮ್ಮ ಪ್ಲಾಸ್ಟರ್ ಬಿಚ್ಚುವ ಅಣ್ಣ ಪ್ರತಿ ಸಲ ಮೊದಲು ತನ್ನ ಅಂಗೈಗೆ ಮೆಲ್ಲಗೆ ತಾಗಿಸಿ ತೋರಿಸುತ್ತಿದ್ದರು. ಬೂಟು ಬಿಟ್ಟು ಮತ್ತೆ ಪ್ಲಾಸ್ಟರ್ ಆದಾಗ ಮಗನಿಗೆ ಎರಡು ವರ್ಷ. ಕಾಲಿನ ಬದಲು ತನ್ನ ಅಂಗೈಯನ್ನೇ ಮುಂದೆ ಚಾಚಿ ನಿಂತ.